ಬಚ್ಚಲಿನ ನೀರು ಗೋಡೆಗೆ ಏಕೆ ಏರುತ್ತದೆ?

ನಮ್ಮ ಹಿರಿಯರ ಮನೆಗಳಲ್ಲಿ ಬಚ್ಚಲು ಮನೆಯ ಹಿಂಬದಿಗೆ, ಎಷ್ಟೋ ಕಡೆ ಮಲಗುವ ಮನೆಗೂ ಅಡಿಗೆಯ ಮನೆಗೂ ಸೋಂಕದಂತೆ ಬೇರೆಯಾಗಿ ಇರುತ್ತಿತ್ತು. ಒಂದು ಹಾಸುಗಲ್ಲು, ಪಕ್ಕದಲ್ಲಿ ನೀರು ಕಾಯುವ ಹಂಡೆ, ಗೋಡೆಯ ಬುಡದಲ್ಲಿ ಒಂದು ತೂಬು, ಇಷ್ಟೇ ಅದರ ಸಲಕರಣೆ. ಮಿಂದ ನೀರು ತೂಬಿನಿಂದ ಹೊರಬಿದ್ದು ಹಿತ್ತಿಲಿನ ಬಾಳೆಯ ಬುಡವನ್ನು ಸೇರುತ್ತಿತ್ತು. ಕಲ್ಲಿನ ಸಂದಿಯಲ್ಲಿ ನಾಲ್ಕು ತಂಬಿಗೆ ನೀರು ಇಂಗಿ ಹೋದರೂ ಯಾರಿಗೂ ನಷ್ಟವಿರಲಿಲ್ಲ; ನೆಲ ಅದನ್ನು ಕುಡಿಯುತ್ತಿತ್ತು, ಬಿಸಿಲು ಮಿಕ್ಕುದನ್ನು ಆರಿಸುತ್ತಿತ್ತು.

ಈಗ ಬಚ್ಚಲು ಮನೆಯ ಒಳಕ್ಕೆ ಬಂದಿದೆ. ಮಲಗುವ ಕೋಣೆಗೂ ಅದಕ್ಕೂ ನಡುವೆ ಇರುವುದು ನಾಲ್ಕೂವರೆ ಅಂಗುಲದ ಒಂದು ಇಟ್ಟಿಗೆಯ ಗೋಡೆ ಮಾತ್ರ. ತಂಬಿಗೆಯ ಬದಲು ಶವರ್ ಬಂದಿದೆ. ಅದರ ನೀರು ನೆಲಕ್ಕೆ ಬೀಳುವ ಮೊದಲು ಗೋಡೆಗೆ ಆಳೆತ್ತರದವರೆಗೆ ಬಡಿಯುತ್ತದೆ. ಸ್ಥಳ ಬದಲಾಯಿತು, ರೀತಿ ಬದಲಾಯಿತು; ಆದರೆ ಕಟ್ಟುವವರ ಎಚ್ಚರಿಕೆ ಅದೇ ಪ್ರಮಾಣದಲ್ಲಿ ಬದಲಾಯಿತೇ ಎಂಬುದು ಸಂದೇಹ.

ಈ ಸಂದೇಹ ನಮಗೆ ಪುಸ್ತಕದಿಂದ ಹುಟ್ಟಿದುದಲ್ಲ. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ಅದರ ಹಿನ್ನೀರು ಘಟಪ್ರಭೆಯ ದಂಡೆಯಲ್ಲಿದ್ದ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳಿಗೆ ಏರಿತು. ಅಲ್ಲಿಯ ಸಾವಿರಾರು ಜನ ನವನಗರಕ್ಕೆ ಬಂದು ನೆಲೆಸಬೇಕಾಯಿತು. ನಮ್ಮ ಮನೆಯೂ ಹಾಗೆ ಬಂದವರದೇ. ಒಮ್ಮೆ ನೀರಿಗೆ ಮನೆಯನ್ನು ಒಪ್ಪಿಸಿ ಬಂದ ನಮ್ಮ ತಾಯಿಯವರಿಗೆ, ಈಚೆಗೆ ನಾವು ಕಟ್ಟಿಸಿದ ಹೊಸ ಮನೆಯಲ್ಲಿ ಮಲಗುವ ಕೋಣೆಗೆ ಅಂಟಿಕೊಂಡೇ ಒಂದು ಸ್ನಾನದ ಕಟ್ಟೆಯನ್ನು ಮಾಡಿಸಿದೆವು. ಇಳಿವಯಸ್ಸಿನಲ್ಲಿ ರಾತ್ರಿ ದೂರ ನಡೆಯುವುದು ತಪ್ಪಲಿ ಎಂಬುದು ಉದ್ದೇಶ. ಅವರ ಮಂಚದ ತಲೆದೆಸೆಯ ಗೋಡೆಯೇ ಆ ಸ್ನಾನದ ಕಟ್ಟೆಯ ಗೋಡೆ. ವಿದ್ಯುತ್ತಿನ ಗುಂಡಿಗಳ ಹಲಗೆಯೂ ಅದೇ ಗೋಡೆಯಲ್ಲಿದೆ. ಆ ಗೋಡೆ ನೆನೆದರೆ ಕೆಡುವುದು ಬಣ್ಣವೊಂದೇ ಅಲ್ಲ.

ನೀರು ಸೋರದಂತೆ ಏನು ಮಾಡುವಿರಿ ಎಂದು ಕೇಳಿದಾಗ, ಕೆಲಸದ ಮೇಸ್ತ್ರಿ ನಕ್ಕು, “ಮೇಲೆ ಟೈಲ್ಸು ಬರುತ್ತದೆಯಲ್ಲ, ಗಾಜಿನಂತಹ ಟೈಲ್ಸಿನಲ್ಲಿ ನೀರು ಹೇಗೆ ಇಳಿದೀತು?” ಎಂದ. ಪ್ರಶ್ನೆ ಸರಳವಾದುದು, ಬಹುಮಂದಿ ಗೃಹಸ್ಥರ ನಂಬಿಕೆಯೂ ಇದೇ. ಇದಕ್ಕೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡೋಣ. ಬಾದಾಮಿಯ ಬೆಟ್ಟದ ಕೆಂಪು ಮರಳುಗಲ್ಲಿನ ಜಾತಿಯ ಒಂದು ಚೂರನ್ನೂ, ಇಳಕಲ್ಲಿನ ಕೆಂಪು ಗ್ರಾನೈಟಿನ ನಯಗೊಳಿಸಿದ ಒಂದು ಚೂರನ್ನೂ ಚೆನ್ನಾಗಿ ಒಣಗಿಸಿ ಅಕ್ಕಪಕ್ಕ ಇಡಿ. ಎರಡೂ ಕೆಂಪು, ಎರಡೂ ಕಲ್ಲು. ಇಂತಹ ಚೂರುಗಳು ನಮ್ಮ ಜಿಲ್ಲೆಯಲ್ಲಿ ಕಟ್ಟಡ ಏಳುವೆಡೆಯಲ್ಲೆಲ್ಲ ದೊರೆಯುತ್ತವೆ. ಒಂದೊಂದರ ಮೇಲೂ ಒಂದೊಂದು ಹನಿ ನೀರನ್ನು ಬಿಡಿ. ಗ್ರಾನೈಟಿನ ಮೇಲೆ ಹನಿ ಹಾಗೆಯೇ ನಿಂತಿರುತ್ತದೆ; ಮರಳುಗಲ್ಲಿನ ಮೇಲೆ ಅದು ಹರಡಿ, ಮಂಕಾದ ಒಂದು ಕಲೆಯನ್ನು ಉಳಿಸಿ ಒಳಕ್ಕೆ ಇಳಿದುಬಿಡುತ್ತದೆ. ಮರಳುಗಲ್ಲು ಎಂಬುದು ಮರಳಿನ ಕಣಗಳು ಒಂದಕ್ಕೊಂದು ಬೆಸೆದು ಆದ ಕಲ್ಲು. ಕಣಕಣಗಳ ನಡುವೆ ಸಂದಿಗಳು ಉಳಿದಿರುತ್ತವೆ. ಗ್ರಾನೈಟಾದರೋ ಕರಗಿದ ಶಿಲಾದ್ರವ ಭೂಮಿಯ ಒಳಗೆ ನಿಧಾನವಾಗಿ ಆರಿ ಹರಳುಗಟ್ಟಿದುದು. ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸಂದಿಗೆ ಎಡೆಯೇ ಕಡಿಮೆ.

ಈಗ ಗ್ರಾನೈಟಿನ ಎರಡು ಚೂರುಗಳನ್ನು ಒತ್ತಾಗಿ ಜೋಡಿಸಿ, ಕೂಡುಗೆರೆಯ ಮೇಲೆ ಹನಿಯನ್ನು ಬಿಡಿ. ಹನಿ ಕ್ಷಣದಲ್ಲಿ ಮಾಯವಾಗುತ್ತದೆ. ಮೇಸ್ತ್ರಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ದೊರೆಯಿತು. ಟೈಲ್ಸು ಗಾಜಿನಂತಹುದು ನಿಜ; ಆದರೆ ಟೈಲ್ಸಿನ ನಡುವಣ ಗೆರೆಗಳು ಗಾಜಲ್ಲ, ಸಿಮೆಂಟು. ಒಂದು ಸ್ನಾನದ ಕಟ್ಟೆಯ ಗೋಡೆ, ನೆಲಗಳಲ್ಲಿ ಇಂತಹ ಗೆರೆಗಳನ್ನೆಲ್ಲ ಒಟ್ಟುಗೂಡಿಸಿದರೆ ಹತ್ತಾರು ಮೀಟರುಗಳಾಗುತ್ತವೆ. ಅಷ್ಟು ಉದ್ದದ ಗೆರೆಯಲ್ಲಿ ಕೂದಲೆಳೆಯ ಬಿರುಕೊಂದು ಎಲ್ಲಿಯೂ ಇಲ್ಲವೆಂದು ಯಾರು ಹೇಳಬಲ್ಲರು?

ಆದರೆ ಹನಿ ಸಂದಿಯೊಳಕ್ಕೆ ಅಷ್ಟು ಬೇಗ ಏಕೆ ಇಳಿಯಿತು? ಭಾರದಿಂದ ಎಂದರೆ ಸಾಲದು. ಏಕೆಂದರೆ ಇದೇ ನೀರು ಭಾರಕ್ಕೆ ಎದುರಾಗಿ ಮೇಲಕ್ಕೂ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದನ್ನು ಎಲ್ಲರೂ ಬಲ್ಲರು. ಇದಕ್ಕೆ ಕೇಶಾಕರ್ಷಣ ಎಂದು ಹೆಸರು. ಕೂದಲಿನಂತಹ ಸಣ್ಣ ಕೊಳವೆಗಳಲ್ಲಿ ಕಾಣಬರುವ ಆಕರ್ಷಣವಾದುದರಿಂದ ಈ ಹೆಸರು ಬಂದಿತು. ನೀರಿನ ಅಣುಗಳು ಒಂದನ್ನೊಂದು ಸೆಳೆಯುತ್ತವೆ. ಕಲ್ಲು, ಗಾಜು, ಸಿಮೆಂಟುಗಳ ಅಣುಗಳನ್ನು ಅದಕ್ಕಿಂತಲೂ ಬಲವಾಗಿ ಸೆಳೆಯುತ್ತವೆ. ಆದುದರಿಂದ ನೀರು ಕೊಳವೆಯ ಗೋಡೆಯನ್ನು ಹಿಡಿದು ಏರುತ್ತದೆ. ತನ್ನ ಹಿಂದಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಏರಿದ ನೀರಿನ ತೂಕವೂ ಈ ಎಳೆತವೂ ಸಮವಾದಾಗ ಏರುವಿಕೆ ನಿಲ್ಲುತ್ತದೆ.

ಕೊಳವೆ ಸಣ್ಣದಾದಷ್ಟೂ ಏರುವ ಎತ್ತರ ಹೆಚ್ಚು. ೧ ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು ೩ ಸೆಂಟಿಮೀಟರ್ ಏರುತ್ತದೆ. ವ್ಯಾಸ ಅದರ ಹತ್ತನೆಯ ಒಂದು ಪಾಲಾದರೆ ೩೦ ಸೆಂಟಿಮೀಟರ್. ನೂರನೆಯ ಒಂದು ಪಾಲಾದರೆ ೩ ಮೀಟರ್, ಎಂದರೆ ನಮ್ಮ ಕೋಣೆಯ ಎತ್ತರ. ಕೊಳವೆಯ ಬದಲು ಬಿರುಕಾದರೆ, ಅಷ್ಟೇ ಅಗಲಕ್ಕೆ ಈ ಎತ್ತರದ ಅರ್ಧ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕಣ್ಣಿಗೆ ಕಾಣುವ ದೊಡ್ಡ ತೂತಿಗೆ ನಾವು ಹೆದರುತ್ತೇವೆ. ಆದರೆ ನೀರನ್ನು ಗೋಡೆಯ ಮೇಲಕ್ಕೆ ಹತ್ತಿಸುವುದು ಕಣ್ಣಿಗೆ ಕಾಣದ ಸಣ್ಣ ತೂತು. ಸಣ್ಣ ರಂಧ್ರಗಳಲ್ಲಿ ನೀರು ನಿಧಾನವಾಗಿ ಸಾಗುತ್ತದೆ. ನಾಲ್ಕು ದಿನಗಳಲ್ಲಿ ಸಾಗುವ ದೂರ ಒಂದು ದಿನದಲ್ಲಿ ಸಾಗುವುದರ ಎರಡರಷ್ಟು ಮಾತ್ರ. ಹೊಸ ಮನೆಯ ಗೃಹಪ್ರವೇಶದ ದಿನ ಒಣಗಿರುವ ಗೋಡೆಯಲ್ಲಿ ಮುಂದಿನ ವರ್ಷ ಕಲೆ ಕಾಣುವುದಕ್ಕೆ ಈ ನಿಧಾನವೇ ಕಾರಣ.

ಹಾಗಾದರೆ ಸಿಮೆಂಟಿನಲ್ಲಿ ರಂಧ್ರಗಳು ಎಲ್ಲಿಂದ ಬಂದವು? ನಾವೇ ಹಾಕಿದ ನೀರಿನಿಂದ. ಸಿಮೆಂಟು ಆರಿ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ೫೦ ಕಿಲೋಗ್ರಾಮಿನ ಒಂದು ಚೀಲ ಸಿಮೆಂಟು ಪೂರ್ಣವಾಗಿ ಕೂಡಿಕೊಳ್ಳಲು ಸುಮಾರು ೨೦ ಲೀಟರು ನೀರು ಸಾಕು. ಕಲಸಲು ಸುಲಭವಾಗಲೆಂದು ಮೇಲೆ ಸುರಿದ ನೀರು ಸಿಮೆಂಟಿನಲ್ಲಿ ಕೂಡದೆ ತನ್ನ ಜಾಗವನ್ನು ಹಿಡಿದುಕೊಂಡೇ ಇರುತ್ತದೆ. ಮುಂದೆ ಆವಿಯಾಗಿ ಹೋದಾಗ ಆ ಜಾಗ ಬರಿದಾಗಿ ರಂಧ್ರಗಳ ಜಾಲವಾಗುತ್ತದೆ. ಅಮೆರಿಕದ ಪವರ್ಸ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ೧೯೫೯ರಲ್ಲಿ ಪ್ರಕಟಿಸಿದ ಲೆಕ್ಕವೊಂದು ಇಲ್ಲಿ ಬಹಳ ಉಪಯುಕ್ತ. ಅದನ್ನು ನಮ್ಮ ಚೀಲದ ಅಳತೆಗೆ ತಿರುಗಿಸಿದರೆ ಹೀಗಾಗುತ್ತದೆ: ಒಂದು ಚೀಲಕ್ಕೆ ೨೦ ಲೀಟರು ನೀರಾದರೆ, ಒದ್ದೆಯಾಗಿಟ್ಟ ಸುಮಾರು ೩ ದಿನಗಳಲ್ಲಿ ರಂಧ್ರಗಳ ಸಾಲು ಅಲ್ಲಲ್ಲಿ ಮುಚ್ಚಿ ತುಂಡಾಗುತ್ತದೆ. ೨೫ ಲೀಟರಾದರೆ ೧೪ ದಿನ ಬೇಕು. ೩೦ ಲೀಟರಾದರೆ ೬ ತಿಂಗಳು. ೩೫ ಲೀಟರಾದರೆ ಒಂದು ವರ್ಷ. ಅದಕ್ಕೂ ಮೀರಿದರೆ ಎಷ್ಟು ಕಾಲ ನೀರುಣಿಸಿದರೂ ಆ ಸಾಲು ಮುಚ್ಚುವುದಿಲ್ಲ. ಒದ್ದೆ ಮರಳಿನಲ್ಲಿರುವ ನೀರೂ ಈ ಲೆಕ್ಕಕ್ಕೆ ಸೇರಬೇಕು. ನಮ್ಮ ಕಡೆಯ ಬೇಸಗೆಯಲ್ಲಿ ಎರಡು ದಿನ ನೀರು ಚಿಮುಕಿಸಿ ಕೈಬಿಟ್ಟ ಗಾರೆಯ ಗತಿಯನ್ನು ಓದುಗರೇ ಊಹಿಸಬಹುದು.

ಇಂತು ಟೈಲ್ಸಿನ ಗೆರೆಗಳಲ್ಲಿ ನೀರು ಇಳಿಯುತ್ತದೆ, ಕೆಳಗಿನ ಗಾರೆಯಲ್ಲಿ ಹರಡುತ್ತದೆ, ಗೋಡೆಯ ಇಟ್ಟಿಗೆಯಲ್ಲಿ ಏರುತ್ತದೆ. ಏರುವಾಗ ಇಟ್ಟಿಗೆ, ಗಾರೆಗಳ ಉಪ್ಪನ್ನು ಕರಗಿಸಿ ಒಯ್ಯುತ್ತದೆ. ಆಚೆಯ ಮೈಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಗಿಲಾವಿನ ಒಳಗೆ ಉಪ್ಪು ಹರಳುಗಟ್ಟಿದಾಗ ಅದು ರಂಧ್ರಗಳ ಗೋಡೆಯನ್ನು ಒತ್ತಿ ಒಡೆಯುತ್ತದೆ. ಸವಳು ಬಂದ ಗೋಡೆ ಹಿಟ್ಟಿನಂತೆ ಉದುರುವುದು ಹೀಗೆ. ಅದರ ಮೇಲೆ ಎಷ್ಟು ಸಲ ಬಣ್ಣ ಬಳಿದರೂ ಫಲವಿಲ್ಲ. ರೋಗವಿರುವುದು ಗೋಡೆಯ ಈಚೆ ಅಲ್ಲ, ಆಚೆ.

ಎರೆಯ ನೆಲದಲ್ಲಿ ಇದರ ಕೇಡು ಇನ್ನೂ ಆಳಕ್ಕೆ ಹೋಗುತ್ತದೆ. ಹುನಗುಂದದ ಕಡೆಯ ಎರೆಹೊಲಗಳಲ್ಲಿ ಬೇಸಗೆಯ ಬಿರುಕುಗಳನ್ನು ಕಂಡವರು, ಮೊದಲ ಮಳೆಗಳ ಬಳಿಕ ಅವು ಮುಚ್ಚಿಕೊಳ್ಳುವುದನ್ನೂ ಕಂಡಿರುತ್ತಾರೆ. ಈ ಮಣ್ಣಿನ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿವೆ. ನೀರು ಪದರಗಳ ನಡುವೆ ಸೇರಿ ಅವನ್ನು ಅಗಲಿಸುತ್ತದೆ. ಆಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಮನೆಯ ಅಡಿಯ ಮಣ್ಣೆಲ್ಲ ಒಟ್ಟಿಗೆ ಉಬ್ಬಿ ಒಟ್ಟಿಗೆ ಕುಗ್ಗಿದರೆ ಕೇಡು ಕಡಿಮೆ. ಆದರೆ ಸೋರುವ ಬಚ್ಚಲು ಒಂದೇ ಮೂಲೆಯನ್ನು ವರ್ಷವೆಲ್ಲ ನೆನೆಸುತ್ತದೆ. ಬೇಸಗೆಯಲ್ಲಿ ಮೂರು ಮೂಲೆಗಳು ಕುಗ್ಗುತ್ತವೆ, ನಾಲ್ಕನೆಯದು ಉಬ್ಬಿಕೊಂಡೇ ಇರುತ್ತದೆ. ಗೋಡೆ ಓರೆಯಾಗಿ ಬಿರಿಯುತ್ತದೆ. ಆ ಬಿರುಕು ಬಚ್ಚಲಿಗೆ ಹೊಸ ದಾರಿಯನ್ನು ತೆರೆಯುತ್ತದೆ. ಹುನಗುಂದದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಗೋಡೆಗೆ ಮೂರು ಸಲ ಸಿಮೆಂಟು ತುಂಬಿದರೂ ಬಿರುಕು ಮತ್ತೆ ಮತ್ತೆ ಬಾಯಿ ತೆರೆಯಿತು. ಬಚ್ಚಲಿನ ಸೋರಿಕೆಯನ್ನು ನಿಲ್ಲಿಸಿದ ಬಳಿಕವೇ ಅದು ಹಾಗೆಯೇ ನಿಂತಿತು.

ಇದಕ್ಕೆ ಪರಿಹಾರವೇನು? ನೀರಿನೊಡನೆ ವ್ಯವಹರಿಸುವ ಜಾಣ್ಮೆಯನ್ನು ನಮ್ಮ ಸೀಮೆಯ ಶಿಲ್ಪಿಗಳಿಂದಲೇ ಕಲಿಯಬಹುದು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಲಾಡಖಾನ ಗುಡಿ ಎಂಬ ಚಾಲುಕ್ಯರ ಕಾಲದ ದೇವಾಲಯವಿದೆ. ಅದರ ಇಳಿಜಾರಾದ ಮಾಡಿಗೆ ಚಪ್ಪಡಿಗಳನ್ನು ಹಾಸಿ, ಎರಡು ಚಪ್ಪಡಿಗಳ ಕೂಡುಗೆರೆಯ ಮೇಲೆಲ್ಲ ಉದ್ದನೆಯ ಕಲ್ಲಿನ ಪಟ್ಟಿಯೊಂದನ್ನು, ಮರದ ತೊಲೆಯನ್ನಿಟ್ಟಂತೆ, ಇಟ್ಟಿದ್ದಾರೆ. ನೋಡಲು ಅಲಂಕಾರದಂತಿರುವ ಈ ಪಟ್ಟಿಗಳಲ್ಲಿ ಎರಡು ನಿಯಮಗಳು ಅಡಗಿವೆ. ಒಂದು, ನೀರನ್ನು ನಿಲ್ಲಗೊಡಬೇಡ, ಇಳಿಜಾರಿನಲ್ಲಿ ಹರಿದುಹೋಗಲಿ. ಎರಡು, ಕೂಡುಗೆರೆಯನ್ನು ನಂಬಬೇಡ, ಅದರ ಮೇಲೆ ಇನ್ನೊಂದು ಹೊದಿಕೆ ಇರಲಿ. ನಮ್ಮ ಸ್ನಾನದ ಕಟ್ಟೆಗೂ ಬೇಕಾದುವು ಈ ಎರಡೇ. ಕಲ್ಲಿನ ಪಟ್ಟಿಯ ಬದಲು ಇಂದು ಬಾಗುವ, ರಂಧ್ರವಿಲ್ಲದ ಒಂದು ತೆಳುಪದರವನ್ನು ಬಳಸುತ್ತೇವೆ; ಅದನ್ನು ಟೈಲ್ಸಿನ ಮೇಲಲ್ಲ, ಟೈಲ್ಸಿನ ಕೆಳಗೆ ಹಾಕುತ್ತೇವೆ.

ನಮ್ಮ ಮನೆಯಲ್ಲಿ ಅನುಸರಿಸಿದ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಟೈಲ್ಸಿನ ಕೆಳಗಿನ ಗಾರೆಯ ನೆಲವನ್ನೇ ತೂಬಿನ ಕಡೆಗೆ ಇಳಿಜಾರು ಮಾಡಿಸಿದೆವು. ಒಂದು ಮೀಟರಿಗೆ ೨ ಸೆಂಟಿಮೀಟರ್ ಇಳಿತ. ಮೇಲಿನ ಟೈಲ್ಸಿಗೆ ಮಾತ್ರ ಇಳಿಜಾರು ಕೊಟ್ಟು ಕೆಳಗಿನ ನೆಲವನ್ನು ಮಟ್ಟವಾಗಿ ಬಿಟ್ಟರೆ, ಗೆರೆಗಳಲ್ಲಿ ಇಳಿದ ನೀರು ಅಲ್ಲಿಯೇ ಮಡುಗಟ್ಟುತ್ತದೆ. ಎರಡನೆಯದಾಗಿ, ಗೋಡೆಯೂ ನೆಲವೂ ಕೂಡುವ ಮೂಲೆಗಳನ್ನು ಗಾರೆಯಿಂದ ಗುಂಡಗೆ ತಿದ್ದಿಸಿದೆವು. ಗೋಡೆ ಒಂದು ವಿಧದಲ್ಲಿ, ನೆಲ ಇನ್ನೊಂದು ವಿಧದಲ್ಲಿ ಹಿಗ್ಗಿ ಕುಗ್ಗುವುದರಿಂದ ಮೊದಲ ಬಿರುಕು ಮೂಡುವುದು ಅಲ್ಲಿಯೇ. ಚೂಪಾದ ಮೂಲೆಯಲ್ಲಿ ಪದರ ಮಡಿಸಿ ಹರಿಯುತ್ತದೆ. ಗುಂಡಾದಲ್ಲಿ ಬಾಗಿ ಉಳಿಯುತ್ತದೆ. ಮೂರನೆಯದಾಗಿ, ನೆಲವನ್ನು ತೊಳೆದು ಧೂಳು ತೆಗೆದು, ಸಿಮೆಂಟೂ ಪಾಲಿಮರೂ ಕೂಡಿದ ಲೇಪವನ್ನು ಎರಡು ಸಲ ಬಳಿಸಿದೆವು. ಮೊದಲನೆಯದು ಆರಿದ ಬಳಿಕ ಎರಡನೆಯದನ್ನು ಅಡ್ಡದಿಕ್ಕಿನಲ್ಲಿ. ಮೂಲೆಗಳಲ್ಲಿ ಎರಡು ಲೇಪಗಳ ನಡುವೆ ಗಾಜಿನ ನೂಲಿನ ಬಲೆಬಟ್ಟೆಯನ್ನು ಕೂರಿಸಿದೆವು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆಬೇರೆ; ನೇಕಾರರು ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ, ಆದುದರಿಂದಲೇ ಅದು ಕೂಡಿದಲ್ಲಿ ಬಿಡುವುದಿಲ್ಲ. ಈ ಬಲೆಬಟ್ಟೆಯ ಕೆಲಸವೂ ಅಂತಹುದೇ. ಶವರ್ ಇರುವ ಗೋಡೆಗೆ ಲೇಪವನ್ನು ೧.೮ ಮೀಟರಿನವರೆಗೆ ಏರಿಸಿದೆವು. ಮಿಕ್ಕ ಗೋಡೆಗಳಿಗೆ ೩೦ ಸೆಂಟಿಮೀಟರ್.

ಇಷ್ಟಾದ ಮೇಲೆ ಮೇಸ್ತ್ರಿ ಟೈಲ್ಸು ಹಚ್ಚಲು ಸಿದ್ಧನಾದ. ನಾವು ತಡೆದೆವು. ಪರೀಕ್ಷೆಯಿಲ್ಲದೆ ತರಗತಿಯನ್ನು ದಾಟಿಸುವ ಪದ್ಧತಿ ನಮ್ಮದಲ್ಲ. ಲೇಪ ಪೂರ್ಣವಾಗಿ ಬಲಿತ ಬಳಿಕ ತೂಬಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿಸಿ, ಬಾಗಿಲಿಗೆ ಇಟ್ಟಿಗೆಯ ತಡೆಯನ್ನು ಕಟ್ಟಿಸಿ, ನೆಲದ ಎತ್ತರದ ಭಾಗದಲ್ಲಿಯೂ ಎರಡು ಬೆರಳು ನಿಲ್ಲುವಷ್ಟು ನೀರು ತುಂಬಿಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದೆವು. ಮರುದಿನ ಮಟ್ಟ ೧೧ ಮಿಲಿಮೀಟರ್ ಇಳಿದಿತ್ತು. “ಬೇಸಗೆಯ ದಿನ, ಆರಿ ಹೋಗಿದೆ” ಎಂದ ಮೇಸ್ತ್ರಿ. ಆರಿರಬಹುದು, ಆದರೆ ಎಷ್ಟು? ಅದನ್ನು ತಿಳಿಯಲೆಂದೇ ನಾವು ಅದೇ ಕೋಣೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಬೋಗುಣಿಯೊಂದರಲ್ಲಿ ನೀರನ್ನಿಟ್ಟು ಗುರುತು ಮಾಡಿದ್ದೆವು. ಬೋಗುಣಿಯ ನೀರು ಆರಿದುದು ೩ ಮಿಲಿಮೀಟರ್ ಮಾತ್ರ. ಹೊಸ ಗಾರೆ ಮೊದಲ ದಿನ ಸ್ವಲ್ಪ ಕುಡಿದಿರಬಹುದೆಂದು ನೀರನ್ನು ಗುರುತಿನವರೆಗೆ ತುಂಬಿ ಎರಡನೆಯ ದಿನವೂ ನೋಡಿದೆವು. ಲೆಕ್ಕ ಬದಲಾಗಲಿಲ್ಲ. ನಮ್ಮ ಕಟ್ಟೆಯ ವಿಸ್ತಾರ ೧.೨ ಚದರ ಮೀಟರ್. ೮ ಮಿಲಿಮೀಟರ್ ಎಂದರೆ ೯.೬ ಲೀಟರು. ದಿನಕ್ಕೆ ಹೆಚ್ಚು ಕಡಿಮೆ ಅರ್ಧ ಕೊಡಪಾನ ನೀರು, ಲೇಪವಿದ್ದರೂ, ಎಲ್ಲಿಗೋ ಹೋಗುತ್ತಿತ್ತು.

ಎಲ್ಲಿಗೆ? ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋದೆವು. ಮಟ್ಟ ತೂಬಿನ ಬಳಿಗೆ ಬಂದರೂ ಇಳಿತ ನಿಲ್ಲಲಿಲ್ಲ. ಆದುದರಿಂದ ಗೋಡೆಗಳು ನಿರ್ದೋಷಿಗಳು; ಅಪರಾಧಿ ತೂಬಿನ ಕುತ್ತಿಗೆ. ಪಿವಿಸಿ ಕೊಳವೆಯ ಮೈ ಬಲು ನುಣುಪು, ಸಿಮೆಂಟು ಅದಕ್ಕೆ ಅಂಟುವುದಿಲ್ಲ. ಮೇಲಾಗಿ ಬಿಸಿಗೆ ಪಿವಿಸಿ ಕಾಂಕ್ರೀಟಿನ ಐದಾರು ಪಟ್ಟು ಹಿಗ್ಗುತ್ತದೆ. ಬಿಸಿನೀರು ಹರಿದಾಗಲೆಲ್ಲ ಕೊಳವೆ ಅಲುಗಿ ತನ್ನ ಸುತ್ತಲೂ ಕೂದಲೆಳೆಯ ಸಂದನ್ನು ಮಾಡಿಕೊಳ್ಳುತ್ತದೆ. ಇದು ಒಡೆದ ಲೇಪವಲ್ಲ. ಲೇಪ ಹಿಡಿಯದ ಜಾಗ. ಕೊಳವೆಯ ಸುತ್ತ ಬೆರಳಗಲದ ಕಾಲುವೆಯನ್ನು ಕೊರೆಯಿಸಿ, ಕೊಳವೆಯ ಮೈಯನ್ನು ಉಜ್ಜುಕಾಗದದಿಂದ ಒರಟು ಮಾಡಿಸಿ, ರಬ್ಬರಿನಂತೆ ಬಾಗುವ ಮೇಣವನ್ನು ತುಂಬಿಸಿ, ಅದರ ಮೇಲೆ ಬಲೆಬಟ್ಟೆ ಹಾಸಿ ಮತ್ತೆರಡು ಸಲ ಲೇಪಿಸಿದೆವು. ಅದು ಬಲಿತ ಮೇಲೆ ಮತ್ತೆ ನೀರು ನಿಲ್ಲಿಸಿ ಎರಡು ದಿನ ಕಾದೆವು. ಈ ಸಲ ನೆಲದ ನೀರೂ ಬೋಗುಣಿಯ ನೀರೂ ಸಮವಾಗಿ ಇಳಿದುವು. ಆಮೇಲೆ ಟೈಲ್ಸು ಹಚ್ಚಿತು.

ಮೇಸ್ತ್ರಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆತನ ಕೈಯ ಅಳತೆ ನಮ್ಮ ಅಳತೆಪಟ್ಟಿಗಿಂತ ಚುರುಕು. ಕೊಳವೆಯ ಕುತ್ತಿಗೆಯನ್ನು ಸರಿಪಡಿಸಿದವನೂ ಆತನೇ. ಮುಂದಿನ ಮನೆಯ ಕೆಲಸಕ್ಕೆ ಹೋಗುವಾಗ ಬೋಗುಣಿಯನ್ನು ಕೇಳಿ ಒಯ್ದುದನ್ನು ನೋಡಿ ನಮಗೆ ಸಂತೋಷವಾಯಿತು. ತಪ್ಪಿರುವುದು ಕೈಯಲ್ಲಲ್ಲ, ಕಾಣುವುದನ್ನೇ ನಂಬುವ ನಮ್ಮೆಲ್ಲರ ಸ್ವಭಾವದಲ್ಲಿ. ಟೈಲ್ಸಿನ ಹೊಳಪಿಗೆ ಎರಡು ಸಾವಿರ ಹೆಚ್ಚು ಕೊಡಲು ಹಿಂಜರಿಯದ ಗೃಹಸ್ಥರು, ಅದರ ಕೆಳಗೆ ಯಾರಿಗೂ ಕಾಣದೆ ಉಳಿಯುವ ಲೇಪಕ್ಕೆ ಚೌಕಾಸಿ ಮಾಡುತ್ತಾರೆ. ಪರೀಕ್ಷೆಗೆ ಬೇಕಾದ ಎರಡು ದಿನಗಳನ್ನು ವ್ಯರ್ಥವೆಂದು ಎಣಿಸುತ್ತಾರೆ. ಟೈಲ್ಸು ಬಂದ ಬಳಿಕ ಆ ತಪ್ಪನ್ನು ತಿದ್ದಬೇಕಾದರೆ ಅದನ್ನೆಲ್ಲ ಒಡೆದು ತೆಗೆಯಬೇಕು. ಆದುದರಿಂದ ಮನೆ ಕಟ್ಟಿಸುವವರಿಗೆ ನಮ್ಮ ವಿನಂತಿ ಇಷ್ಟೇ: ಹೊದಿಕೆಯ ಮೇಲೆ ನೀರು ನಿಲ್ಲಿಸಿ ನೋಡದೆ ಟೈಲ್ಸಿಗೆ ಕೈಹಾಕಬೇಡಿ, ಪಕ್ಕದಲ್ಲಿ ಬೋಗುಣಿಯನ್ನು ಇಡಲು ಮರೆಯಬೇಡಿ.

ಒಂದು ಮಳೆಗಾಲವೂ ಒಂದು ಬೇಸಗೆಯೂ ಕಳೆದಿವೆ. ನಮ್ಮ ತಾಯಿಯವರ ಮಂಚದ ತಲೆದೆಸೆಯ ಗೋಡೆಯನ್ನು ನಾವು ಈಗಲೂ ಆಗಾಗ ಅಂಗೈಯಿಂದ ಮುಟ್ಟಿ ನೋಡುತ್ತೇವೆ. ಅದು ಒಣಗಿಯೇ ಇದೆ.